ಮಗ್ಗದ ಕುಣಿಯಲ್ಲಿ ಹಿಡಿಸದ ಹೊಟ್ಟೆ

ನಾನು ತೆಳ್ಳಗಾಗಬೇಕೆಂದು ಯಾವತ್ತೂ ಆಸೆಪಟ್ಟವನಲ್ಲ. ಬನಹಟ್ಟಿಯಲ್ಲಿ ಸೀರೆ ಅಂಗಡಿಯ ಗಾದಿಯ ಮೇಲೆ ಕೂರುವವನಿಗೆ ಒಂದು ಮಟ್ಟದ ಹೊಟ್ಟೆ ಇರಲೇಬೇಕು. ಇಲ್ಲದಿದ್ದರೆ ಪರ ಊರಿನ ಗಿರಾಕಿ ನಮ್ಮ ಮುಖವನ್ನೇ ನೋಡುತ್ತ, “ಸಾವಕಾರ್ರು ಎಲ್ಲಿ ಹೋಗ್ಯಾರ?” ಎಂದು ಕೇಳುತ್ತಾನೆ. ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಐವತ್ತು ದಾಟಿದ ಮೇಲೆ ಬಗ್ಗಿ ಬೂಟಿನ ಲೇಸು ಕಟ್ಟುವುದು ಆಗದೆ ಚಪ್ಪಲಿಗೆ ಬಂದಿದ್ದೆ. ಅದೊಂದು ತೊಂದರೆ ಅಂತಲೂ ನನಗೆ ಅನ್ನಿಸಿರಲಿಲ್ಲ.

ತೊಂದರೆ ಶುರುವಾದದ್ದು ಅವ್ವನ ಮಗ್ಗದಿಂದ.

ಮನೆಯ ಹಿಂದೆ ನಮ್ಮ ಪಾವರ್‌ಲೂಮಿನ ಶೆಡ್ಡು ಇದೆ. ಅದು ದಿನವಿಡೀ ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತದೆ. ಆದರೆ ಮನೆಯೊಳಗಿನ ಒಂದು ಕೋಣೆಯಲ್ಲಿ ಅವ್ವ ತನ್ನ ಕುಣಿ ಮಗ್ಗವನ್ನು ಬಿಟ್ಟುಕೊಡದೆ ಉಳಿಸಿಕೊಂಡಿದ್ದಳು. ನೆಲದಲ್ಲಿ ಒಂದು ಕುಣಿ. ಅದರ ಅಂಚಿನ ಕಟ್ಟೆಯ ಮೇಲೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ನೇಯ್ದ ಬಟ್ಟೆ ಸುತ್ತಿಕೊಳ್ಳುವ ಕಟ್ಟಿಗೆಯ ದಿಂಡು ಸರಿಯಾಗಿ ಹೊಟ್ಟೆಯ ಮುಂದೆ ಅಡ್ಡ ಇರುತ್ತದೆ. ಕಟ್ಟೆಗೂ ದಿಂಡಿಗೂ ನಡುವೆ ಒಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಬಿಟ್ಟು ಕುಣಿ ತೆಗೆದಿದ್ದರು. ಆ ಮನುಷ್ಯ ನನ್ನ ಅಪ್ಪ. ಅಪ್ಪನಿಗೆ ಹೊಟ್ಟೆ ಎಂಬುದೇ ಇರಲಿಲ್ಲ. ಅಂಗಿಯ ಹಿಂದೆ ನೇರ ಬೆನ್ನೇ ಸಿಗುತ್ತಿತ್ತು.

ಮುಧೋಳಕ್ಕೆ ಕೊಟ್ಟ ನನ್ನ ಮಗಳು ಬಸುರಿ ಎಂದು ಫೋನು ಬಂದ ದಿನವೇ ಅವ್ವ ಮಗ್ಗದ ಮೇಲೆ ಹಸಿರು ಸೀರೆಗೆ ಉದ್ದೆಳೆಗಳ ಹಾಸು ಹೂಡಿಸಿದಳು. ಒಂಬತ್ತನೇ ತಿಂಗಳಲ್ಲಿ ಕುಬಸ ಮಾಡುವಾಗ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಬೇಕು. ನಾವು ಸೀರೆ ಮಾರುವವರು, ಅಂಗಡಿಯಲ್ಲಿ ಹಸಿರು ಬಣ್ಣದ್ದೇ ಒಂದು ಕಪಾಟು ತುಂಬ ಇವೆ ಎಂದು ನಾನು ಹೇಳಿನೋಡಿದೆ. ಅವ್ವ ನನ್ನನ್ನು ಹೇಗೆ ನೋಡಿದಳು ಎಂದರೆ, ನಾನು ಆಮೇಲೆ ಆ ಮಾತು ಎತ್ತಲಿಲ್ಲ.

ಸೆರಗು ಮುಗಿದಿತ್ತು, ಒಡಲು ಅರ್ಧಕ್ಕೆ ಬಂದಿತ್ತು. ಮಗಳಿಗೆ ಆಗ ನಾಲ್ಕನೇ ತಿಂಗಳು. ಒಂದು ಬೆಳಗ್ಗೆ ಮಗ್ಗದ ಕೋಣೆಯಿಂದ ಸಪ್ಪಳ ಬರಲಿಲ್ಲ. ಹೋಗಿ ನೋಡಿದರೆ ಅವ್ವ ಕುಣಿಯಲ್ಲಿ ಕೂತಂತೆಯೇ ದಿಂಡಿನ ಮೇಲೆ ಬಾಗಿದ್ದಳು. ಬಲಗೈ ಜೋತುಬಿದ್ದಿತ್ತು, ಲಾಳಿ ನೆಲದಲ್ಲಿತ್ತು. ಲಕ್ವಾ. ಮಾತು ಉಳಿಯಿತು, ಕಾಲೂ ಅಷ್ಟಿಷ್ಟು ಬಂತು. ಬಲಗೈ ಮಾತ್ರ ಬರಲಿಲ್ಲ.

ದವಾಖಾನೆಯಿಂದ ಮನೆಗೆ ಬಂದವಳು ತನ್ನ ಹೊರಸನ್ನು ಮಗ್ಗದ ಕೋಣೆಯಲ್ಲೇ ಹಾಕಿಸಿಕೊಂಡಳು. ಅರ್ಧ ಸೀರೆಯನ್ನು ನೋಡುತ್ತ ಮಲಗುತ್ತಿದ್ದಳು. ಉಣ್ಣುವುದಿಲ್ಲ, ಮಾತಿಲ್ಲ. ಪಕ್ಕದ ಓಣಿಯ ನೇಕಾರರೊಬ್ಬರನ್ನು ಕರೆಸಿ ಮುಗಿಸಿಬಿಡೋಣ ಎಂದೆ.

“ನನ್ನ ಮಮ್ಮಗಳ ಕುಬಸದ ಸೀರಿಗೆ ಕೂಲಿ ಕೈ ಬ್ಯಾಡ,” ಎಂದಳು.

“ಮತ್ತ ಯಾರ ಕೈ ಬೇಕು?”

“ನೀ ಐದಿಯಲ್ಲ. ಸಾಲಿ ಬಿಟ್ಟು ಬಂದು ಇದರಾಗ ಕುಂದರತಿದ್ದಿ. ಕೈ ಮರಿಯೂದಿಲ್ಲ.”

ಖರೆ. ನಾನು ಚಿಕ್ಕವನಿದ್ದಾಗ ಆ ಮಗ್ಗದಲ್ಲೇ ಕೆಲಸ ಕಲಿತವನು. ಕೈ ಮರೆತಿರಲಿಲ್ಲ. ಅವತ್ತೇ ಅಂಗಿ ತೋಳು ಏರಿಸಿ ಕಟ್ಟೆಯ ಮೇಲೆ ಕೂತು ಕುಣಿಯೊಳಗೆ ಕಾಲು ಬಿಟ್ಟೆ. ಕಾಲು ಇಳಿಯಿತು. ಹೊಟ್ಟೆ ಬಂದು ದಿಂಡಿಗೆ ತಾಗಿ ನಿಂತಿತು. ಉಸಿರು ಎಳೆದುಕೊಂಡು ಒಳಗೆ ತಳ್ಳಿದೆ. ಒಳಗೆ ಹೋದೆ. ಉಸಿರು ಬಿಟ್ಟ ಕೂಡಲೇ ಹಾಸಿನ ಎಳೆಗಳೆಲ್ಲ ಟಣ್ ಎಂದವು. ಅವ್ವ ಹೊರಸಿನ ಮೇಲಿಂದಲೇ, “ಹೊರಗ ಬಾರಲೇ! ಎಳಿ ಹರೀತಾವ!” ಎಂದು ಕಿರುಚಿದಳು. ಹೊರಗೆ ಬರಬೇಕೆಂದರೆ ಆಗವಲ್ಲದು. ಹೆಂಡತಿ ಬಂದು ಎರಡೂ ರಟ್ಟೆ ಹಿಡಿದು ಜಗ್ಗಿದಳು.

“ಕುಣಿ ಅಗಲ ಮಾಡಿಸೂಣು ಬಿಡು,” ಎಂದೆ, ಮರ್ಯಾದೆ ಹೋದ ಸಿಟ್ಟಿನಲ್ಲಿ.

“ಹಾಸು ಹೂಡಿದ ಮಗ್ಗದ ಬುಡಕ್ಕ ಹಾರಿ ಹಾಕಿದ್ರ ಎಳಿ ಎಲ್ಲಾ ಸಡಲಾಗ್ತಾವ. ಕುಣಿ ಸರಿ ಐತಿ. ನೀ ಸರಿ ಇಲ್ಲ,” ಎಂದಳು ಅವ್ವ. ಲಕ್ವಾ ಹೊಡೆದ ಮೇಲೆ ಅವಳು ಆಡಿದ ಉದ್ದನೆಯ ಮಾತು ಅದೇ ಮೊದಲು. ನನಗೆ ಅದರಿಂದ ಸಂತೋಷವಾಯಿತು, ಸಿಟ್ಟೂ ಬಂತು.

ಹೀಗೆ ಲೆಕ್ಕ ಸರಳವಾಯಿತು. ಮುಧೋಳದಲ್ಲಿ ಮಗಳ ಹೊಟ್ಟೆ ಬರುತ್ತಿತ್ತು. ಅದು ಪೂರ್ತಿ ಬರುವುದರೊಳಗೆ ಬನಹಟ್ಟಿಯಲ್ಲಿ ನನ್ನದು ಹೋಗಬೇಕಿತ್ತು. ಇಲ್ಲದಿದ್ದರೆ ಅವ್ವ ಆ ಅರ್ಧ ಸೀರೆಯನ್ನೇ ನೋಡುತ್ತ ಹೋಗಿಬಿಡುತ್ತಾಳೆ ಎಂಬ ಹೆದರಿಕೆ ನನಗಿತ್ತು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ.

ಮೊದಲ ಸಲಹೆ ಅಳಿಯನಿಂದ ಬಂತು. ಅವನು ಜಿಮ್ಮಿಗೆ ಹೋಗುವವನು. “ಮಾವಾರ, ಕೀಟೋ ಮಾಡ್ರಿ. ಪನೀರ್ ತಿನ್ರಿ, ಬೆಣ್ಣಿ ತಿನ್ರಿ, ತತ್ತಿ ತಿನ್ರಿ. ರೊಟ್ಟಿ, ಅನ್ನ, ಬೆಲ್ಲ ಪೂರಾ ಬಂದ್. ಆವಾಗ ಮೈ ಕೀಟೋಸಿಸ್‌ಗೆ ಹೋಗತೈತಿ,” ಎಂದು ಫೋನಿನಲ್ಲಿ ಹೇಳಿದ. ಫೋನಿನ ಸ್ಪೀಕರ್ ಹಚ್ಚಿದ್ದೆ, ಅದೇ ತಪ್ಪಾಯಿತು. ಮೊಟ್ಟೆಯ ಹೆಸರೆತ್ತಿದರೇ ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುತ್ತಾರೆ. ಅವ್ವನಿಗೆ ಬೇರೆಯದೇ ಚಿಂತೆ.

“ಕೀಟಾ? ಹೊಟ್ಟ್ಯಾಗ ಕೀಟ ಬಿಟ್ಕೊಳ್ಳಾಕ ಹೇಳಾಕತ್ತಾನೇನು ಅಂವ?”

“ಕೀಟ ಅಲ್ಲಬೇ, ಕೀಟೋ.”

“ಎಲ್ಲಾ ಅದ. ಹೊಲಕ್ಕ ಹೊಡಿಯೂ ಎಣ್ಣಿ ಡಬ್ಬಿ ಮ್ಯಾಲೂ ಅದನ್ನ ಬರದಿರತಾರ.”

ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕೀಟ ಎಂದೇ ಆಯಿತು. ಆದರೆ ರೊಟ್ಟಿ ಬಿಡುವ ಮಾತು ನನಗೂ ಒಗ್ಗಲಿಲ್ಲ. ಬಿಳಿಜೋಳದ ರೊಟ್ಟಿ ಇಲ್ಲದ ಊಟವನ್ನು ನಾನು ಮದುವೆಗಳಲ್ಲಿ ಉಂಡಿದ್ದೇನೆ. ಮನೆಗೆ ಬಂದು ಮತ್ತೆ ರೊಟ್ಟಿ ತಿಂದಿದ್ದೇನೆ.

ಕೊನೆಗೆ ಜಮಖಂಡಿಯ ಡಾಕ್ಟರರೊಬ್ಬರ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ರಕ್ತ ತಪಾಸಣೆ ಮಾಡಿಸಿದರು. ಸಕ್ಕರೆ ಇನ್ನೂ ಹೊಸ್ತಿಲಾಚೆ ನಿಂತಿದೆ, ಒಳಗೆ ಬಂದಿಲ್ಲ ಎಂದರು. ನಾನು ಮಗ್ಗದ ಕಥೆ ಹೇಳಿದೆ. ಅವರು ನಗಲಿಲ್ಲ. ಎದ್ದು ಬಂದು, ಟೇಪು ಹಿಡಿದು ನನ್ನ ಹೊಟ್ಟೆಯ ಸುತ್ತಳತೆ ತೆಗೆದರು.

“ಅಳಿಯಂದ್ರು ಹೇಳಿದ್ದು ಸುಳ್ಳಲ್ಲ,” ಎಂದರು. “ತಿಂದ ರೊಟ್ಟಿ ಇರೂತನಕ ಮೈ ಅದನ್ನ ಉರಸತೈತಿ. ಅದು ಮುಗದ ಮ್ಯಾಲ ಕೂಡಿಟ್ಟ ಕೊಬ್ಬಿಗೆ ಕೈ ಹಾಕತೈತಿ. ಆ ಕೊಬ್ಬು ಉರಿಯೂದಕ್ಕ ಕೀಟೋಸಿಸ್ ಅಂತಾರ. ಅದಕ್ಕ ರೊಟ್ಟಿನ ಬಿಡಬೇಕು ಅಂತಿಲ್ಲ. ಹೊತ್ತು ಬಿಟ್ರ ಸಾಕು. ಸಂಜಿ ಹೊತ್ತು ಮುಳುಗೂದ್ರಾಗ ಉಣ್ರಿ. ಆಮ್ಯಾಲ ಮರುದಿನ ಮಧ್ಯಾಹ್ನತನಕ ಉಪವಾಸ. ಉಣ್ಣೂ ಹೊತ್ತಿನ್ಯಾಗ ರೊಟ್ಟಿ ತಿನ್ರಿ, ಕಾಳಪಲ್ಯ ತಿನ್ರಿ, ಹೊಟ್ಟಿ ಬಿರಿಯೂವಂಗ ಬ್ಯಾಡ. ತಲಿ ತಿರುಗಿದ್ರ ನಿಲ್ಲಿಸಿ ನನ್ನ ಕಡೆ ಬರ್ರಿ.”

ಇಷ್ಟೇ ಏನು ಎಂದುಕೊಂಡೆ. ಉಪವಾಸ ನಮಗೆ ಹೊಸದೇ? ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರ, ಎಲ್ಲ ಮಾಡಿದ ಮನೆ ನಮ್ಮದು. ಮನೆಗೆ ಬಂದು ಹೆಂಡತಿಗೆ, “ದಿನಾ ಮಧ್ಯಾಹ್ನತನಕ ಉಪವಾಸ ಅಂತ,” ಎಂದೆ. ಪಾಪ, ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಮರುದಿನ ಬೆಳಗ್ಗೆ ಏಳುವುದರೊಳಗೆ ಎಲ್ಲ ತಯಾರಿ ಮಾಡಿದ್ದಳು.

ಸಾಬೂದಾಣಿ ಖಿಚಡಿ, ಮೇಲೆ ಶೇಂಗಾ ಪುಡಿ. ಕುದಿಸಿದ ಗೆಣಸು, ಬೆಲ್ಲ ಹಾಕಿ. ಎರಡು ಶೇಂಗಾ ಉಂಡಿ. ಬಾಳೆಹಣ್ಣು. ಕಡೆಗೆ ಒಂದು ವಾಟಗ ಹಾಲು, ಉಪವಾಸ ಇದ್ದವರಿಗೆ ಉಷ್ಣ ಆಗಬಾರದು ಎಂದು. ಉಪವಾಸದ ದಿನ ತಿನ್ನುವ ಇದಕ್ಕೆಲ್ಲ ನಮ್ಮಲ್ಲಿ ಫರಾಳ ಎನ್ನುತ್ತಾರೆ. ಫರಾಳ ಎಂದರೆ ಊಟ ಅಲ್ಲ. ಹುಟ್ಟಿದಾಗಿನಿಂದ ಹಾಗೆಯೇ ಕೇಳಿಕೊಂಡು ಬಂದದ್ದು. ಅಂದಿನಿಂದ ದಿನಾ ಬೆಳಗ್ಗೆ ನಿಷ್ಠೆಯಿಂದ ಫರಾಳ ತಿಂದೆ, ಮಧ್ಯಾಹ್ನ ಉಪವಾಸ ಬಿಟ್ಟು ರೊಟ್ಟಿ ತಿಂದೆ. ನಡುವೆ ಅಂಗಡಿಗೆ ಬಂದವರ ಜೊತೆ ಚಹಾ ಇದ್ದೇ ಇತ್ತು. ಚಹಾವನ್ನು ಲೆಕ್ಕಕ್ಕೆ ಹಿಡಿಯುವವರು ನಮ್ಮ ಊರಲ್ಲಿ ಯಾರೂ ಇಲ್ಲ. ತಿಂಗಳ ಮೇಲೆ ಜಮಖಂಡಿಗೆ ಹೋದಾಗ ನನಗೆ ಹೆಮ್ಮೆಯೇ ಇತ್ತು, ಒಂದು ದಿನವೂ ತಪ್ಪಿಸಿರಲಿಲ್ಲ.

ಡಾಕ್ಟರರು ಟೇಪು ಸುತ್ತಿದರು. ಬಿಚ್ಚಿ ಮತ್ತೆ ಸುತ್ತಿದರು.

“ಹೆಚ್ಚಾಗೈತಲ್ರಿ!”

“ಹೌದ್ರಿ?”

“ಉಪವಾಸ ಮಾಡಿದ್ರೋ ಇಲ್ಲೋ?”

“ಒಂದ ದಿನಾನೂ ಬಿಟ್ಟಿಲ್ರಿ ಸಾಹೇಬ್ರ.”

“ಬೆಳಿಗ್ಗೆ ಏನ ತಿಂದೀರಿ?”

“ಬ್ಯಾರೆ ಏನೂ ತಿಂದಿಲ್ರಿ. ಉಪವಾಸದ್ದ ತಿಂದೇನಿ.”

ಅವರು ಪೆನ್ನು ಕೆಳಗಿಟ್ಟರು. ನಾನು ಒಂದೊಂದಾಗಿ ಹೇಳಿದೆ. ಶೇಂಗಾ ಉಂಡಿಗೆ ಬರುವ ಹೊತ್ತಿಗೆ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗು ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಸುಧಾರಿಸಿಕೊಂಡು, “ತಪ್ಪು ನಂದ. ನಾನೂ ಈ ಕಡಿಯಾಂವನ, ಶಬ್ದ ನೋಡಿ ಬಳಸಬೇಕಿತ್ತು. ಉಪವಾಸ ಅಲ್ರಿ, ನಿರಂಕಾರ. ನೀರು ಬಿಟ್ಟು ಏನೂ ಇಲ್ಲ. ಚಾ ಬೇಕಂದ್ರ ಸಕ್ಕರಿ ಇಲ್ಲ, ಹಾಲಿಲ್ಲ,” ಎಂದರು.

ಸಕ್ಕರೆ ಇಲ್ಲ, ಹಾಲಿಲ್ಲ ಎಂದರೆ ಅದನ್ನು ಚಹಾ ಎಂದು ಯಾಕೆ ಕರೆಯಬೇಕು ಎಂದು ಕೇಳಬೇಕೆಂದಿದ್ದೆ. ಆದರೆ ಮಗಳಿಗೆ ಐದು ತುಂಬಿ ಆರಕ್ಕೆ ಬಿದ್ದಿತ್ತು. ವಾದ ಮಾಡುವ ಹೊತ್ತಲ್ಲ.

ನಿರಂಕಾರ ಎಂಬ ಶಬ್ದ ಕೇಳಿದ ಮೇಲೆ ಮನೆಯಲ್ಲಿ ಎಲ್ಲರೂ ದಾರಿಗೆ ಬಂದರು. ಆ ಶಬ್ದದ ತೂಕವೇ ಬೇರೆ. ಹನಿ ನೀರೂ ಮುಟ್ಟದೆ ನಿರಂಕಾರ ಮಾಡುತ್ತಿದ್ದ ಅಜ್ಜಿಯರ ಹೆಸರು ಹೇಳಿ ನಮ್ಮಲ್ಲಿ ಇನ್ನೂ ಕೈ ಮುಗಿಯುತ್ತಾರೆ. ಹೆಂಡತಿ ಬೆಳಗಿನ ಒಲೆಯ ಮುಂದೆ ಸುಮ್ಮನೆ ನಿಂತು ಹೋಗುತ್ತಿದ್ದಳು. ನನಗೆ ಮಾತ್ರ ಮೊದಲ ವಾರ ಎಲ್ಲರ ಮೇಲೂ ಸಿಟ್ಟು. ಅಂಗಡಿಯಲ್ಲಿ ಗಿರಾಕಿ ಸೀರೆ ಬಿಚ್ಚಿಸಿ ನೋಡಿ ಬೇಡ ಎಂದರೆ, ಉಟ್ಟುಕೊಂಡು ಹೋಗಿ ಮನೆಯಲ್ಲಿ ಬೇಡ ಅನ್ನಿ ಎಂದುಬಿಟ್ಟೆ. ತಲೆನೋವು, ಕೈ ತಣ್ಣಗೆ. ಬೆಳಗ್ಗೆ ಪಕ್ಕದ ಹೋಟೆಲ್ಲಿನಲ್ಲಿ ಒಗ್ಗರಣೆ ಸಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ದಿನ ಗೋಡೆ ಕಡೆ ಮುಖ ಮಾಡಿ ಅತ್ತಿದ್ದೇನೆ, ಅವಲಕ್ಕಿಗೋಸ್ಕರ.

ಆಮೇಲೆ ಏನಾಯಿತೋ, ಹಸಿವು ಬೆಳಗ್ಗೆ ಬಂದು ಬಾಗಿಲು ಬಡಿದು, ಯಾರೂ ಇಲ್ಲವೆಂದು ತಾನೇ ಹೋಗತೊಡಗಿತು. ತಲೆ ಹಗುರಾಯಿತು. ಧೋತರ ಸಡಿಲಾಯಿತು. ಅದೇ ಹೊತ್ತಿಗೆ ಇನ್ನೊಂದು ಫಜೀತಿ ಹುಟ್ಟಿತು. ಒಂದು ಬೆಳಗ್ಗೆ ಹೆಂಡತಿ ನನ್ನ ಮುಖದ ಹತ್ತಿರ ಬಂದು ಮೂಗು ಅರಳಿಸಿದಳು.

“ಬಾಯಿ ತಗೀರಿ.”

“ಯಾಕ?”

“ತಗೀರಿ ಅಂದೆ.” ಮೂಸಿದಳು. ಮುಖ ಸಣ್ಣಗೆ ಮಾಡಿಕೊಂಡಳು. “ಕೊಳತ ಬಾಳಿಹಣ್ಣಿನ ವಾಸನಿ. ಖರೆ ಹೇಳ್ರಿ, ಈ ವಯಸ್ಸಿನ್ಯಾಗ ಕುಡಿಯಾಕ ಕಲತ್ರೇನು?”

ನಾನು ಅಪ್ಪನಾಣೆ, ಅವ್ವನಾಣೆ ಎಲ್ಲ ಇಟ್ಟೆ. ಅವಳು ನಂಬಲಿಲ್ಲ. ಅವಳೆದುರಿಗೇ ಡಾಕ್ಟರರಿಗೆ ಫೋನು ಮಾಡಿ ಸ್ಪೀಕರ್ ಹಚ್ಚಿದೆ. “ಅದು ದಾರೂ ಅಲ್ಲವ್ವಾ, ಕೀಟೋನ್ ವಾಸನಿ. ಕೊಬ್ಬು ಕರಗಾಕತ್ತೈತಿ, ಛಲೋ ಆತು,” ಎಂದರು ಅವರು. ಹೊರಸಿನ ಮೇಲಿಂದ ಅವ್ವ, “ನಾ ಹೇಳಿದ್ದಿಲ್ಲ? ಕೀಟ ಸತ್ತು ನಾರಾಕತ್ತಾವ,” ಎಂದಳು. ಹೆಂಡತಿ ನಕ್ಕುಬಿಟ್ಟಳು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮಗಳು ವಿಡಿಯೋ ಕಾಲ್ ಮಾಡಿ ಅಡ್ಡ ನಿಂತು ತನ್ನ ಹೊಟ್ಟೆ ತೋರಿಸುತ್ತಿದ್ದಳು. ನನಗೂ ಅಡ್ಡ ನಿಲ್ಲಲು ಹೇಳುತ್ತಿದ್ದಳು. “ಪಪ್ಪಾ, ನನಗ ಏಳು. ನಿಮಗ ಈಗ ಐದರ ಹಂಗ ಕಾಣತೈತಿ, ಹಗುರ್ಕ ಇಳಿಯಾಕತ್ತೀರಿ,” ಎನ್ನುತ್ತಿದ್ದಳು. ಬನಹಟ್ಟಿಯ ಗೆಳೆಯರು ಬೇರೆ ರೀತಿ. ಅಂಗಡಿ ಮುಂದೆ ಹಾಯ್ದು ಹೋಗುವಾಗ, “ಏನಲೇ, ತಿಮ್ಮಾಪುರದಾಗ ಭರ್ತಿ ಆಗಾಂವ ಏನು?” ಎಂದು ಕೂಗುತ್ತಿದ್ದರು. ತಿಮ್ಮಾಪುರದಲ್ಲಿ ಮುಧೋಳ ನಾಯಿ ಸಾಕುವ ಕೇಂದ್ರವಿದೆ. ಆ ನಾಯಿಗಳಿಗೆ ಎಲುಬು, ಚರ್ಮ ಬಿಟ್ಟು ಮತ್ತೇನೂ ಇರುವುದಿಲ್ಲ. ಅದು ಬೈಗುಳವೋ ಹೊಗಳಿಕೆಯೋ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ವಾರಕ್ಕೊಮ್ಮೆ ಅವ್ವನ ಎದುರಿಗೆ ಕುಣಿಯ ಕಟ್ಟೆಯ ಮೇಲೆ ಕೂತು ನೋಡುವುದು. ಹೊಟ್ಟೆ ತಾಗುತ್ತದೆ, ಅವ್ವ ಮುಖ ಆಚೆ ತಿರುಗಿಸುತ್ತಾಳೆ, ನಾನು ಎದ್ದು ಬರುತ್ತೇನೆ. ಮಗಳಿಗೆ ಎಂಟನೇ ತಿಂಗಳು ನಡೆದಿತ್ತು. ಒಂದು ಸೋಮವಾರ ಕೂತೆ. ತಾಗಲಿಲ್ಲ. ಉಸಿರು ಬಿಟ್ಟೆ, ತಾಗಲಿಲ್ಲ. ದಿಂಡಿಗೂ ಹೊಟ್ಟೆಗೂ ನಡುವೆ ನನ್ನ ಅಂಗೈ ಅಡ್ಡ ಇಟ್ಟೆ. ಸುಳಿದಾಡಿತು. ಅವ್ವನ ಕಡೆ ನೋಡಿದೆ. ಅವಳು ಎಡಗೈಯಿಂದ ತಲೆಯ ಸೆರಗು ಸರಿಮಾಡಿಕೊಂಡು, “ಲಾಳಿ ಅಲ್ಲೆ ಗೂಡಿನ್ಯಾಗ ಐತಿ,” ಎಂದಳು.

ದಿನಾ ಬೆಳಗ್ಗೆ ಅಂಗಡಿ ತೆಗೆಯುವ ಮೊದಲು ನೇಯ್ದೆ, ಖಾಲಿ ಹೊಟ್ಟೆಯಲ್ಲಿ. ಮಧ್ಯಾಹ್ನ ಉಂಡು ಬಂದು ಮತ್ತೆ ನೇಯ್ದೆ. ಲಾಳಿಯಿಂದ ಹೊಕ್ಕಿನ ಅಡ್ಡೆಳೆ ದಾಟಿಸುವುದು, ಬಾಚಣಿಗೆಯಂಥ ಫಣಿ ಎಳೆದು ಅದನ್ನು ಬಡಿದು ಕೂರಿಸುವುದು. ಮೊದಲೆರಡು ದಿನ ಅವ್ವ ಒಂದೊಂದು ಬಡಿತಕ್ಕೂ ಹೆಸರಿಟ್ಟಳು. “ಅದೇನು ಬಾಗಲಾ ತಟ್ಟಾಕತ್ತಿಯೇನು? ಜೋರ ಬಡಿ.” ಜೋರು ಬಡಿದರೆ, “ಅಷ್ಟ ಜೋರ ಅಲ್ಲ, ಅದು ಸೀರಿ, ಚಾಪಿ ಅಲ್ಲ.” ಮೂರನೇ ದಿನದಿಂದ ಬೈಗುಳ ಕಡಿಮೆಯಾದವು. ಸಪ್ಪಳ ಕೇಳುತ್ತ ಕಣ್ಣು ಮುಚ್ಚಿ ಮಲಗುತ್ತಿದ್ದಳು. ಹೆಂಡತಿ ತಾಟು ತಂದರೆ ಉಣ್ಣತೊಡಗಿದಳು. ಎಡಗೈಯಿಂದ ಉಣ್ಣುವುದು ಅವಳಿಗೆ ಅಸಹ್ಯ, ಅದಕ್ಕೆ ಹೆಂಡತಿಯೇ ತುತ್ತು ಇಡಬೇಕಿತ್ತು. ಆದರೂ ಉಂಡಳು.

ಸೀರೆ ಮಗ್ಗದಿಂದ ಇಳಿಯಿತು. ಕುಬಸದ ದಿನ ಮಗಳು ನಮ್ಮ ಮನೆಯಲ್ಲಿ ಅದನ್ನು ಉಟ್ಟು, ಕೈ ತುಂಬ ಹಸಿರು ಬಳೆ ಹಾಕಿಕೊಂಡು, ಮೊದಲು ಅವ್ವನ ಹೊರಸಿನ ಹತ್ತಿರ ಬಂದು ಕೂತಳು. ಅವ್ವ ಮುಖ ನೋಡಲಿಲ್ಲ, ಹೊಟ್ಟೆ ನೋಡಲಿಲ್ಲ. ಎಡಗೈಯಲ್ಲಿ ನಿರಿಗೆ ಹಿಡಿದು ಬೆರಳಿನ ನಡುವೆ ಬಟ್ಟೆಯನ್ನು ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿಗೆ ನಂದು ಮುಗೀತು,” ಎಂದಳು.

ಅದು ಆಯುಷ್ಯದ ಮಾತೆಂದು ತಿಳಿದು ನಾನು ಅವಳ ಹತ್ತಿರ ಸರಿದೆ. ಬೆರಳು ಮುಂದೆ ಸರಿಯಿತು.

“ಇದು ಹಸದಾಂವ ಬಡದದ್ದು. ತೆಳ್ಳಗ ಬಂದೈತಿ.” ಮತ್ತೆ ಸ್ವಲ್ಪ ಮುಂದೆ. “ಇದು ಉಂಡು ಬಂದಾಂವ ಬಡದದ್ದು.” ಹಾಗೇ ಮುಂದೆ, ತೆಳ್ಳಗೆ, ದಪ್ಪಗೆ, ತೆಳ್ಳಗೆ, ದಪ್ಪಗೆ, ಕೊನೆಯ ನಿರಿಗೆಯವರೆಗೆ. “ಇಷ್ಟು ಪಟ್ಟಿ ಬಂದ ಸೀರಿ ಪ್ಯಾಟ್ಯಾಗ ಯಾರೂ ಕೊಳ್ಳೂದಿಲ್ಲ.”

“ಮಾರಾಕ ನೇದಿಲ್ಲಲ್ಲಬೇ,” ಎಂದೆ.

ಒಳಗಿನಿಂದ ಹೋಳಿಗೆ ತಾಟು ಬಂತು. ಬಸುರಿಗೆ ಮೊದಲ ತುತ್ತು ಹಿರಿಯರು ಇಡಬೇಕು. ಎಲ್ಲರೂ ಅವ್ವನ ಕೈ ನೋಡಿದರು, ನೋಡಿ ಬೇರೆ ಕಡೆ ನೋಡಿದರು. ಹೆಂಡತಿ ಮೆಲ್ಲಗೆ, “ಅತ್ತಿ, ನಾ ಇಡಲ್ರಿ?” ಎಂದಳು. ಅವ್ವ ತಲೆ ಅಲ್ಲಾಡಿಸಿದಳು. ಕುಬಸದ ತುತ್ತು ಎಡಗೈಯಿಂದ ಇಡುವುದಿಲ್ಲ. ನನ್ನ ಕಡೆ ನೋಡಿ, “ಹಿಡಿ,” ಎಂದಳು. ಅವಳ ಬಲಗೈಯ ಬೆರಳುಗಳಲ್ಲಿ ಹೋಳಿಗೆಯ ತುಣುಕು ಇಟ್ಟು, ಬೆರಳುಗಳನ್ನು ನನ್ನ ಬೆರಳಿಂದ ಮುಚ್ಚಿ, ಮೊಣಕೈಯನ್ನು ಕೆಳಗಿಂದ ಎತ್ತಿದೆ. ಕೈ ಹೋಯಿತು. ಮಗಳು ಬಾಯಿ ತೆರೆದು ತಿಂದಳು, ಅತ್ತಳು, ಅಗಿಯುತ್ತಲೇ ಅತ್ತಳು.

ಆಯಿತೆಂದು ನಾನು ಕೈ ಇಳಿಸಹೋದರೆ ಅವ್ವ ಬಿಡಲಿಲ್ಲ. “ಇನ್ನೊಂದು ತುಣಕು ಇಡು.” ಇಟ್ಟೆ. “ಎತ್ತು.” ಎತ್ತಿದೆ. “ಈ ಕಡೆ ಅಲ್ಲ. ನಿನ್ನ ಕಡೆ.”

“ಅವ್ವ, ಇನ್ನೂ ಮಧ್ಯಾಹ್ನ ಆಗಿಲ್ಲ. ನಂದು ನಿರಂಕಾರ.”

“ನಿನ್ನ ಕೀಟಗಳಿಗೆ ಹೇಳು, ಇವತ್ತ ಸೂಟಿ ಅಂತ.”

ಅವ್ವನ ಕೈಯನ್ನು ನನ್ನ ಕೈಯಿಂದಲೇ ಎತ್ತಿಕೊಂಡು ಉಂಡೆ. ಬೆರಳು ಸಡಿಲಾಗಿ ಅರ್ಧ ತುಣುಕು ಅಂಗಿಯ ಮೇಲೆ ಬಿತ್ತು. ಮೊದಲಾಗಿದ್ದರೆ ಅದು ಹೊಟ್ಟೆಯ ಮೇಲೆಯೇ ನಿಲ್ಲುತ್ತಿತ್ತು. ಈಗ ನಿಲ್ಲಲಿಲ್ಲ, ಜಾರಿ ಹೊರಸಿನ ಮೇಲೆ ಬಿತ್ತು. ಅವ್ವ ಅದನ್ನೇ ನೋಡುತ್ತ ಬಹಳ ಹೊತ್ತು ನಕ್ಕಳು.